ಮನೆಯಲ್ಲೇ ರೆಡಿ ಮಾಡಲು ಮೊದಲ ಹಳೆ ಕಾರು: ಫಿಯೆಟ್ಟೋ, ಅಂಬಾಸಿಡರೋ, ಮಾರುತಿ 800ಓ?

ಅಕ್ಕನ ಮಗ ಒಂದು ದಿನ ಫೋನ್ ಮಾಡಿ, "ಮಾಮ, ಒಂದು ಪದ್ಮಿನಿ ಕಾರು, ಅದೇ ಹಳೇ ಫಿಯೆಟ್, ಸಿಕ್ಕಿದೆ. ಅಂಗಳದಲ್ಲೇ ನಿಂತಿತ್ತಂತೆ. ರೇಟು ಭಾರಿ ಕಡಿಮೆ. ತಗೊಳ್ಲಾ?" ಎಂದ.

"ಕಾರ್ಪೆಟ್ ಎತ್ತಿ ನೋಡಿದೆಯಾ?" ಎಂದೆ. ನೋಡಿರಲಿಲ್ಲ. "ಆರ್‌ಸಿ ಯಾರ ಹೆಸರಲ್ಲಿದೆ?" ಅದೂ ಗೊತ್ತಿರಲಿಲ್ಲ. ಬಾನೆಟ್ ಎತ್ತಿ, ಎಂಜಿನ್ ತಿರುಗುತ್ತದೆಯೇ ಎಂದಷ್ಟೇ ನೋಡಿ ಬಂದಿದ್ದ.

ಅವನನ್ನು ಬೈಯುವಂತಿಲ್ಲ. ನನ್ನ ಮೊದಲ ಕಾರನ್ನು ನಾನೂ ಹಾಗೇ ತಗೊಂಡಿದ್ದೆ. ಎಂಬತ್ತರ ದಶಕದ ಪದ್ಮಿನಿ. ಎರಡನೇ ಸೆಲ್ಫ್‌ಗೇ ಸ್ಟಾರ್ಟ್ ಆಯಿತು. ಹೊಸ ಪೇಂಟ್ ಹೊಳೆಯುತ್ತಿತ್ತು. ಖುಷಿಯಲ್ಲಿ ಟಿಂಕರಿಂಗ್ ಅಂಗಡಿಗೆ ತಗೊಂಡು ಹೋದರೆ, ಅಲ್ಲಿನ ಭಾಯ್ ಒಂದು ಸ್ಕ್ರೂಡ್ರೈವರ್ ಹಿಡಿದು ಡ್ರೈವರ್ ಸೀಟಿನ ಕೆಳಗೆ ಸುಮ್ನೆ ಒತ್ತಿದರು. ಅದು ಆ ಕಡೆ ಹೋಯಿತು. "ಸಾರ್, ನೀವು ಕಾರು ತಗೊಂಡಿಲ್ಲ, ಪಟ್ಟಿ ತಗೊಂಡಿದ್ದೀರಿ" ಎಂದರು. ತೂತು ಮುಚ್ಚಲು ಮೆತ್ತಿದ ಪುಟ್ಟಿಯ (ಟಿಂಕರಿಂಗ್‌ನವರ ಬಾಯಲ್ಲಿ ಪಟ್ಟಿ) ಮೇಲೆ ಪೇಂಟ್ ಹೊಡೆದು ಮಾರಿದ್ದರು. ಆ ಬಾಡಿಯ ಮೇಲೆ ನಾನು ಸುರಿದ ದುಡ್ಡಿನಲ್ಲಿ ಎಂಜಿನ್ನನ್ನು ಮೂರು ಸಲ ಬೋರ್ ಮಾಡಿಸಬಹುದಿತ್ತು, ಅಂದರೆ ಸವೆದ ಸಿಲಿಂಡರನ್ನು ಕೊರೆಸಿ ಸರಿಮಾಡಿಸಬಹುದಿತ್ತು.

ಹಾಗಾಗಿ ಯಾರೇ ಕೇಳಿದರೂ ನನ್ನ ಕ್ರಮ ಇದು: ಮೊದಲು ಕಾಗದ, ಆಮೇಲೆ ಬಾಡಿಯ ತಗಡು, ಆಮೇಲೆ ಬಿಡಿಭಾಗ ಎಲ್ಲಿ ಸಿಗುತ್ತದೆ ಅನ್ನುವುದು. ಎಂಜಿನ್ ಕೊನೆಗೆ.

ಎಂಜಿನ್ ಯಾಕೆ ಕೊನೆಗೆ?

ಎಂಜಿನ್ ಎಷ್ಟೇ ಕೆಟ್ಟಿರಲಿ, ಅದರ ಖರ್ಚಿಗೆ ಒಂದು ಮಿತಿ ಇದೆ. ಬೋರಿಂಗ್, ಪಿಸ್ಟನ್, ರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಬೇರಿಂಗ್, ವಾಲ್ವ್ ಕೆಲಸ ಅಂತ ಜಿಲ್ಲಾ ಕೇಂದ್ರದ ಯಾವ ಎಂಜಿನ್ ವರ್ಕ್ಸ್‌ಗೆ ಹೋದರೂ ಚೀಟಿಯಲ್ಲಿ ಅಂದಾಜು ಬರೆದು ಕೊಡುತ್ತಾರೆ. ತಗಡಿಗೆ ಅಂಥ ಚೀಟಿ ಯಾರೂ ಕೊಡುವುದಿಲ್ಲ. ಹೊರಗೆ ಬೆರಳಷ್ಟು ಕಾಣುವ ತುಕ್ಕು ಒಳಗೆ ಅಂಗೈಯಷ್ಟು ಇರುತ್ತದೆ. ಕತ್ತರಿಸಿದ ಮೇಲೇ ಗೊತ್ತಾಗುವುದು.

ಇಲ್ಲಿ ಇನ್ನೊಂದು ವಿಷಯ ಇದೆ. ಫಿಯೆಟ್, ಅಂಬಾಸಿಡರ್, ಮಾರುತಿ 800, ಈ ಮೂರಕ್ಕೂ ಜೀಪಿನ ಹಾಗೆ ಕೆಳಗೆ ಬೇರೆ ಚಾಸಿ (ಭಾರ ಹೊರುವ ಚೌಕಟ್ಟು) ಇಲ್ಲ. ಬಾಡಿಯೇ ಭಾರ ಹೊರುತ್ತದೆ. ಬಾಗಿಲಿನ ಕೆಳಗಿನ ಉದ್ದ ಪೆಟ್ಟಿಗೆಯಂಥ ಭಾಗ, ಫ್ಲೋರ್, ಸಸ್ಪೆನ್ಶನ್ ಕೂರುವ ಜಾಗ ಇವು ಕೊಳೆತರೆ ಅದು ಬರೀ ಅಂದದ ಪ್ರಶ್ನೆ ಅಲ್ಲ, ಕಾರಿನ ಬೆನ್ನುಮೂಳೆಯೇ ಹೋದಂತೆ.

ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಸಣ್ಣ ಆಯಸ್ಕಾಂತ ಇರಲಿ, ಪೇಂಟಿಗೆ ಗೀರು ಬೀಳದ ಹಾಗೆ ಕರ್ಚೀಫಿನಲ್ಲಿ ಸುತ್ತಿ. ಬಾಗಿಲ ಕೆಳಭಾಗ, ಚಕ್ರದ ಮೇಲಿನ ಕಮಾನು, ಹೆಡ್‌ಲೈಟ್ ಸುತ್ತ ಆಡಿಸಿ. ಎಲ್ಲಿ ಅದು ಹಿಡಿಯುವುದಿಲ್ಲವೋ ಅಲ್ಲಿ ಪಟ್ಟಿ ಇದೆ. ಬಾಗಿಲು ತೆರೆದು ತುದಿ ಹಿಡಿದು ಮೇಲಕ್ಕೆತ್ತಿ. ಬಾಗಿಲ ಜೊತೆ ಕಂಬವೂ ಅಲುಗಿದರೆ ನಮಸ್ಕಾರ ಹೇಳಿ ಬನ್ನಿ. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಅದರ ಕೆಳಗೆ ನೋಡಿ. ಸಾಧ್ಯವಾದರೆ ಮಳೆ ಬರುವ ದಿನವೇ ಹೋಗಿ. ಯಾವ ಗ್ಲಾಸಿನ ರಬ್ಬರಿನಿಂದ ನೀರು ಇಳಿಯುತ್ತಿದೆ ಎಂದು ಕಾರೇ ತೋರಿಸುತ್ತದೆ.

ಊರೂ ಮುಖ್ಯ. ಮಂಗಳೂರು, ಉಡುಪಿ ಕಡೆ ಉಪ್ಪು ಗಾಳಿ ತಿಂದ ಕಾರಿಗಿಂತ ಚಿತ್ರದುರ್ಗ, ಬಳ್ಳಾರಿ, ವಿಜಯಪುರದ ಬಿಸಿಲಲ್ಲಿ ಒಣಗಿದ ಕಾರು ಒಳ್ಳೆಯದು. ಬಿಸಿಲಿಗೆ ಸೀಟು, ಡ್ಯಾಶ್‌ಬೋರ್ಡು ಬಿರಿದಿರುತ್ತವೆ. ಪರವಾಗಿಲ್ಲ, ಅದು ಹೊಲಿಗೆಯವರ ಕೆಲಸ.

ಫಿಯೆಟ್

ಕಾಗದದಲ್ಲಿ ಪ್ರೀಮಿಯರ್ ಪದ್ಮಿನಿ, ಮೆಕ್ಯಾನಿಕ್‌ಗಳ ಬಾಯಲ್ಲಿ ಇವತ್ತಿಗೂ ಫಿಯೆಟ್. 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂಬ ಹೆಸರಲ್ಲಿ ಮುಂಬೈಯ ಕುರ್ಲಾದ ಕಾರ್ಖಾನೆಯಿಂದ ಬರಲು ಶುರುವಾಯಿತು. ನಡುವೆ ಪ್ರೆಸಿಡೆಂಟ್ ಆಯಿತು. 1974ರಲ್ಲಿ ಪದ್ಮಿನಿ ಆಯಿತು. 2000ದ ಹೊತ್ತಿಗೆ ನಿಂತಿತು. ಇಷ್ಟು ವರ್ಷ ಒಳಗಿನ ಮೂಲ ಎಂಜಿನ್ ಅದೇ 1089 ಸಿಸಿಯದು.

ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ. ಎಂಜಿನ್ ಮುಂದೆ, ಅದರ ಹಿಂದೆ ಗೇರ್‌ಬಾಕ್ಸ್, ಉದ್ದಕ್ಕೆ ಪ್ರೊಪೆಲ್ಲರ್ ಶಾಫ್ಟ್, ಹಿಂದೆ ಲೀಫ್ ಸ್ಪ್ರಿಂಗ್. ಶಕ್ತಿ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ಕಣ್ಣಲ್ಲೇ ನೋಡಬಹುದು. ಪೆಟ್ರೋಲ್, ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿ ಅದರ ಜೆಟ್ ಊದಬಹುದು. ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಪಾಯಿಂಟ್‌ನ ಗ್ಯಾಪ್ ಹಿಡಿಯಬಹುದು. ಬಾನೆಟ್ ಒಳಗೆ ಕೈ ಆಡಿಸಲು ಜಾಗ ಇದೆ. ನಟ್ಟು ಬೋಲ್ಟು ಮಿಲಿಮೀಟರ್ ಅಳತೆಯವು, ಅಂಗಡಿಯ ಮಾಮೂಲಿ ಸ್ಪ್ಯಾನರ್ ಸೆಟ್ಟೇ ಸಾಕು.

ತೊಂದರೆ ಎಲ್ಲಿ? ಸ್ಟಿಯರಿಂಗ್ ಕೆಳಗಿನ ಗೇರ್ ಲಿವರ್‌ನ ಬುಷ್‌ಗಳು ಸವೆದು, ಎರಡನೇ ಗೇರ್ ಹುಡುಕುವುದೇ ಒಂದು ಕೆಲಸವಾಗುತ್ತದೆ. ಮುಂದಿನ ಚಕ್ರದ ಕಡೆಯ ಕೀಲುಗಳು ಗ್ರೀಸ್ ಕಾಣದೇ ಸವೆದಿರುತ್ತವೆ. ಇವೆಲ್ಲ ಸರಿಹೋಗುವಂಥವು. ದೊಡ್ಡ ತಲೆನೋವು ಫ್ಲೋರು, ಸ್ಟೆಪ್ನಿ ಕೂರುವ ಜಾಗ ಮತ್ತು ಕ್ರೋಮ್. ಬಂಪರ್, ಗ್ರಿಲ್, ಬಾಗಿಲ ಹಿಡಿ, ಉದ್ದ ಬೀಡಿಂಗ್ ಪಟ್ಟಿಗಳು ಕಾಣೆಯಾಗಿದ್ದರೆ ಒಂದೊಂದಕ್ಕೂ ತಿಂಗಳುಗಟ್ಟಲೆ ಹುಡುಕಬೇಕು. ಕೊಂಚ ಡೊಂಕಾದ ಬಂಪರ್ ಇರುವ ಕಾರು, ಬಂಪರೇ ಇಲ್ಲದ ಕಾರಿಗಿಂತ ಎಷ್ಟೋ ವಾಸಿ.

ಮುಂಬೈಯಲ್ಲಿ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ದಿನ ಫಿಯೆಟ್ ಸಾಮಾನಿಗೆ ಬರ ಇರಲಿಲ್ಲ. ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾಗಿದ್ದು 2003ರ ಅಕ್ಟೋಬರ್‌ನಲ್ಲಿ. 20 ವರ್ಷದ ಗಡುವು ಮುಗಿದು 2023ರ ಅಕ್ಟೋಬರ್‌ನಲ್ಲಿ ಅದೂ ರಸ್ತೆಯಿಂದ ಇಳಿಯಿತು. ಈಗ ಸಾಮಾನು ಬೇಕಾದವರು ನಮ್ಮಂಥ ಹುಚ್ಚರು ಮಾತ್ರ. ಗ್ಯಾಸ್ಕೆಟ್, ಬ್ರೇಕ್ ಕಿಟ್, ಕ್ಲಚ್ ಪ್ಲೇಟ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿಕೊಂಡು ತಿರುಗಿದರೆ ಇನ್ನೂ ಸಿಗುತ್ತವೆ. ಬಾಡಿಯ ಸಾಮಾನಿಗೆ ಗುಜರಿಯೇ ಗತಿ.

ಅಂಬಾಸಿಡರ್

ಒಂದು ಕಾಲದಲ್ಲಿ ತಹಶೀಲ್ದಾರರಿಂದ ಮುಖ್ಯಮಂತ್ರಿವರೆಗೆ ಎಲ್ಲರೂ ಕೂತ ಕಾರು. ಬಿಳಿ ಅಂಬಾಸಿಡರ್ ಬಂತೆಂದರೆ ಊರವರು ಎದ್ದು ನಿಲ್ಲುತ್ತಿದ್ದರು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರೇ ಇದರ ಮೂಲ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಐವತ್ತರ ದಶಕದ ಕೊನೆಯಿಂದ 2014ರ ಮೇ ತನಕ ತಯಾರಾಯಿತು.

ತಗಡು ದಪ್ಪ ಅನ್ನುತ್ತಾರೆ. ಹೌದು, ಗುದ್ದಿದರೆ ನಿಮ್ಮ ಕೈಗೇ ಪೆಟ್ಟು. ಆದರೆ ತುಕ್ಕಿಗೆ ದಪ್ಪ, ತೆಳು ಅಂತ ಇಲ್ಲ, ಸ್ವಲ್ಪ ಜಾಸ್ತಿ ದಿನ ತಗೊಳ್ಳುತ್ತದೆ ಅಷ್ಟೆ. ಈ ಕಾರಿನ ನಿಜವಾದ ಸಮಸ್ಯೆ ಗಾತ್ರ. ತೂಕ ಟನ್ ದಾಟುತ್ತದೆ. ಎಂಜಿನ್ ಇಳಿಸಲು ಗಟ್ಟಿ ಚೈನ್ ಪುಲ್ಲಿ ಬೇಕು, ಅದನ್ನು ತೂಗುಹಾಕಲು ಗಟ್ಟಿ ತೊಲೆ ಬೇಕು. ಪೋರ್ಟಿಕೋದಲ್ಲಿ ನಿಲ್ಲಿಸಿದರೆ ಮನೆಯವರು ಮುಂಬಾಗಿಲಿಗೆ ಬರಲು ಅಡ್ಡಡ್ಡ ನಡೆಯಬೇಕು. ಮೊದಲ ಆರು ತಿಂಗಳು ಅವರು ಏನೂ ಅನ್ನುವುದಿಲ್ಲ.

ಒಂದು ಮಾದರಿ ಅಂದುಕೊಂಡು ಹೋದರೆ ಒಳಗೆ ಮೂರು ನಾಲ್ಕು ಬೇರೆ ಬೇರೆ ಕಾರುಗಳಿವೆ. ಹಳೆಯ ಪೆಟ್ರೋಲ್ ಕಾರುಗಳಲ್ಲಿ ಬ್ರಿಟನ್ನಿನ ಬಿಎಂಸಿ ಕಂಪನಿಯ 1489 ಸಿಸಿ ಎಂಜಿನ್. ಅದೇ ಗಾತ್ರದ ಡೀಸೆಲ್ ಆಮೇಲೆ ಬಂತು. ತೊಂಬತ್ತರ ದಶಕದಲ್ಲಿ ಜಪಾನಿನ ಇಸುಜು ಕಂಪನಿಯ 1817 ಸಿಸಿ ಪೆಟ್ರೋಲ್ ಎಂಜಿನ್ ಬಂತು. ಓಡಿಸುವ ಆಸೆ ಇದ್ದರೆ ಇಸುಜು ತಗೊಳ್ಳಿ, ಗೇರ್ ಕೂಡ ನೆಲದ ಮೇಲಿದೆ. ಹಳೆಯ ಸೊಗಸು ಬೇಕಾದರೆ ಬಿಎಂಸಿ ಪೆಟ್ರೋಲ್. ಇದೇ ಕುಟುಂಬದ ಎಂಜಿನ್ ಎಂಜಿಎ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು ಎಂದು ಗೆಳೆಯರ ಮುಂದೆ ಕೊಚ್ಚಿಕೊಳ್ಳಬಹುದು. ಮನೆಯಲ್ಲಿ ಕಲಿಯಲು ಡೀಸೆಲ್ ಮಾತ್ರ ಬೇಡ. ಪಂಪು, ನಾಝಲ್ ಅಂತ ಪ್ರತಿ ಸಲ ಹೊರಗೇ ಓಡಬೇಕು.

ಬಿಎಂಸಿ ಕಾರಿಗೆ ಇಂಚಿನ ಅಳತೆಯ ಸ್ಪ್ಯಾನರ್ ಬೇಕು. ಹನ್ನೆರಡು, ಹದಿಮೂರು ಮಿಲಿಮೀಟರ್ ಸ್ಪ್ಯಾನರನ್ನೇ ಸಿಕ್ಕಿಸಿ ತಿರುಗಿಸಿದರೆ ಬೋಲ್ಟಿನ ತಲೆ ಉರುಟಾಗುತ್ತದೆ. ಹಿಂದಿನವರು ಅದನ್ನೇ ಮಾಡಿರುತ್ತಾರೆ, ಹೋಗಿ ನೋಡಿ. ಬಿಡಿಭಾಗದ ವಿಷಯದಲ್ಲಿ ಫಿಯೆಟ್‌ಗಿಂತ ಪರಿಸ್ಥಿತಿ ಪರವಾಗಿಲ್ಲ, ಯಾಕೆಂದರೆ ಕಾರು ನಿಂತಿದ್ದು ತೀರಾ ಈಚೆಗೆ.

ಮಾರುತಿ 800

ಇದನ್ನು ಹಳೇ ಕಾರು ಅಂದರೆ ನಮ್ಮ ವಯಸ್ಸಿನವರು ಮುಖ ಸಿಂಡರಿಸುತ್ತಾರೆ. ಮೊನ್ನೆ ಮೊನ್ನೆ ಓಡಿಸಿದ್ದು ಅಲ್ವಾ? ಲೆಕ್ಕ ಹಾಕಿ: ಮೊದಲ ಕಾರಿನ ಕೀ ಕೊಟ್ಟಿದ್ದು 1983ರ ಡಿಸೆಂಬರ್ 14ರಂದು. ನಲವತ್ತು ವರ್ಷ ದಾಟಿತು.

ಮೊದಲ ಬಾರಿಗೆ ಕೈ ಹಾಕುವವರಿಗೆ ನನ್ನ ಓಟು ಇದಕ್ಕೇ. ಕಾರಣ ಪ್ರೀತಿ ಅಲ್ಲ, ಸಾಮಾನು. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಓಮ್ನಿಯಲ್ಲೂ ಇತ್ತು. ಓಮ್ನಿ 2019ರ ತನಕ ಮಾರಾಟವಾಯಿತು. ಹೋಬಳಿ ಮಟ್ಟದ ಅಂಗಡಿಯಲ್ಲೂ ಇದರ ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಕ್ಲಚ್ ಪ್ಲೇಟ್ ಇರುತ್ತವೆ. ಭಾನುವಾರ ಮಧ್ಯಾಹ್ನ ಒಂದು ಆಯಿಲ್ ಸೀಲ್ ಹರಿದರೆ ಫಿಯೆಟ್‌ನವನು ಮುಂದಿನ ಶನಿವಾರದವರೆಗೆ ಕೈಕಟ್ಟಿ ಕೂರಬೇಕು. 800ರವನು ಸಂಜೆಗೇ ಕೆಲಸ ಮುಗಿಸುತ್ತಾನೆ. ಪ್ರಾಜೆಕ್ಟ್‌ಗಳು ಸಾಯುವುದು ಹೀಗೆ ಕೈಕಟ್ಟಿ ಕೂತ ವಾರಗಳಲ್ಲೇ. ಒಂದು ವಾರ ಎರಡಾಗುತ್ತದೆ, ಕಾರಿನ ಮೇಲೆ ಟಾರ್ಪಾಲ್ ಬೀಳುತ್ತದೆ, ಅದರ ಮೇಲೆ ಹಪ್ಪಳ ಒಣಗುತ್ತದೆ.

ಇಡೀ ಕಾರು ಸುಮಾರು 650 ಕೆಜಿ. ಗೇರ್‌ಬಾಕ್ಸನ್ನು ಇಬ್ಬರು ಹಿಡಿದು ಇಳಿಸಬಹುದು. ಆದರೆ ಎಂಜಿನ್ ಅಡ್ಡ ಕೂತಿದೆ, ಮುಂದಿನ ಚಕ್ರವೇ ಎಳೆಯುತ್ತದೆ. ಬಾನೆಟ್ ಒಳಗೆ ಇಕ್ಕಟ್ಟು. ಬೆರಳಿನ ಗಂಟು ತರಚುವುದು ಗ್ಯಾರಂಟಿ. ಎಂಜಿನ್ನಿನ ಮೇಲೆ ಕೂರುವ ಹೆಡ್ ಅಲ್ಯೂಮಿನಿಯಂ. ಯಾರಾದರೂ ನೀರಿಲ್ಲದೆ ಓಡಿಸಿದ್ದರೆ ಬಾಗಿರುತ್ತದೆ. ರೇಡಿಯೇಟರ್ ಮುಚ್ಚಳ ತೆಗೆದಾಗ ನೀರಿನ ಮೇಲೆ ಎಣ್ಣೆಯ ಕೆನೆ ಕಂಡರೆ ಚೌಕಾಸಿ ಶುರುಮಾಡಿ.

ತಗಡು ತೆಳು. ಬ್ಯಾಟರಿ ತಟ್ಟೆಯ ಕೆಳಗೆ, ಕಾಲಿಡುವ ಜಾಗದಲ್ಲಿ, ಮುಂದಿನ ಶಾಕ್ ಅಬ್ಸಾರ್ಬರ್ ಬಾಡಿಯನ್ನು ಸೇರುವ ಗುಮ್ಮಟದಲ್ಲಿ ಕಣ್ಣಿಟ್ಟು ನೋಡಿ. ಆ ಗುಮ್ಮಟದ ಸುತ್ತ ಬಿರುಕಿದ್ದರೆ ಬೇರೆ ಕಾರು ನೋಡಿ. ಈ ಕಾರಿನಲ್ಲಿ ಬೇರೆ ನೋಡುವ ಸೌಕರ್ಯ ಇದೆ, ಅದೇ ಇದರ ದೊಡ್ಡ ಗುಣ. 25 ಲಕ್ಷಕ್ಕೂ ಮಿಕ್ಕಿ ತಯಾರಾದ ಕಾರು. ಒಂದು ಬೇಡವಾದರೆ ಪಕ್ಕದ ಬೀದಿಯಲ್ಲಿ ಇನ್ನೊಂದು.

800ರಲ್ಲೂ ಆಯ್ಕೆ ಇದೆ. 1983ರಿಂದ 1986ರವರೆಗಿನ ಮೊದಲ ಚೌಕಾಕಾರದ ಕಾರನ್ನು ಎಸ್‌ಎಸ್80 ಎನ್ನುತ್ತಾರೆ. ಇವತ್ತು ಅದಕ್ಕೆ ಬೇಡಿಕೆ, ಗೌರವ ಎಲ್ಲ ಇದೆ, ಆದರೆ ಲೈಟು, ಗ್ಲಾಸು, ಗ್ರಿಲ್ ಸಿಗುವುದಿಲ್ಲ. 800 ಅಂತ ಅಗ್ಗದ ಲೆಕ್ಕ ಹಾಕಿ ಅದಕ್ಕೆ ಕೈ ಹಾಕಿದರೆ ಫಿಯೆಟ್‌ಗಿಂತ ಜಾಸ್ತಿ ಅಲೆಯಬೇಕಾಗುತ್ತದೆ. 1986ರಲ್ಲಿ ಬಂದ ದುಂಡು ಮೂತಿಯ ಬಾಡಿಯೇ ಮೊದಲ ಸಲಕ್ಕೆ ಸರಿ. ಅದರಲ್ಲೂ 2000ಕ್ಕಿಂತ ಹಿಂದಿನ ಕಾರ್ಬ್ಯುರೇಟರ್ ಗಾಡಿ. ಆಮೇಲಿನ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಕಂಪ್ಯೂಟರ್ ಹೇಳಿದಂತೆ ಪೆಟ್ರೋಲ್ ಚಿಮ್ಮಿಸುವ ಎಂಜಿನ್) ಓಡಿಸಲು ಚೆನ್ನ. ಕಲಿಯಲು ಮಜಾ ಕಡಿಮೆ.

ಜೀಪು ಮತ್ತು ಉಳಿದವು

ಕೊಡಗು, ಚಿಕ್ಕಮಗಳೂರು, ಸಕಲೇಶಪುರದವರು ಇಷ್ಟು ಹೊತ್ತಿಗೆ "ಜೀಪು ಎಲ್ಲಿ?" ಎಂದು ಕೇಳುತ್ತಿರುತ್ತಾರೆ. ರಿಪೇರಿಯ ದೃಷ್ಟಿಯಿಂದ ಜೀಪಿನಷ್ಟು ಸುಲಭದ ಗಾಡಿ ಇಲ್ಲ. ಬೇರೆ ಚಾಸಿ, ಮೇಲೆ ಚಪ್ಪಟೆ ತಗಡು. ಒಂದು ಬದಿ ಕೊಳೆತರೆ ಶೀಟ್ ತಂದು ಹೊಸದಾಗಿ ಕಟ್ಟಿಸಬಹುದು. ಆ ಸುಲಭವೇ ಅಪಾಯ. ಮೂರು ಜೀಪು ಸೇರಿಸಿ ಒಂದು ಮಾಡಿದ ಗಾಡಿಗಳು ಎಲ್ಲೆಡೆ ಇವೆ. ಚಾಸಿ ಒಂದು ವರ್ಷದ್ದು, ಎಂಜಿನ್ ಇನ್ನೊಂದು ಕಂಪನಿಯದು, ಆರ್‌ಸಿ ಮತ್ತೊಂದು ಗಾಡಿಯದು. ಕಂಪನಿ ಕೊಟ್ಟ ಮೂಲ ಸ್ವರೂಪ ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿತು. ಕಾಗದ ಓದಲು ಬರುವವರು ಜೊತೆಗಿದ್ದರೆ ಮಾತ್ರ ಜೀಪು.

ಮಾರುತಿ ಜಿಪ್ಸಿ ಒಳ್ಳೆಯದು, ಆದರೆ ರ‍್ಯಾಲಿಯವರು, ಕಾಡು ಸುತ್ತುವವರು ಸೇರಿ ರೇಟು ಏರಿಸಿಟ್ಟಿದ್ದಾರೆ. ಕಾಂಟೆಸ್ಸಾ ನೋಡಲು ಚಂದ, ಬಾಡಿಯ ಸಾಮಾನಿಗೆ ಬರ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಮಾತ್ರ ನನಗೆ ಹೊಟ್ಟೆ ಉರಿಸುವ ಕಾರು. ಬೇರೆ ಚಾಸಿ ಇದೆ, ಬಾನೆಟ್ಟು ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತದೆ, ಚಕ್ರದ ಮೇಲೆ ಕೂತು ಎಂಜಿನ್ ಕೆಲಸ ಮಾಡಬಹುದು. ಎರಡನೇ ಪ್ರಾಜೆಕ್ಟ್‌ಗೆ ಇಟ್ಟುಕೊಳ್ಳಿ.

ನಮ್ಮ ಬೆಂಗಳೂರಿನದೇ ಒಂದು ಕಾರು ಇತ್ತು, ನೆನಪಿದೆಯಾ? ಸಿಪಾನಿ ಡಾಲ್ಫಿನ್. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರಿನ ಮೇಲೆ ಕಟ್ಟಿದ್ದು, 848 ಸಿಸಿ ಎಂಜಿನ್, ಬಾಡಿ ಪೂರ್ತಿ ಫೈಬರ್. ತುಕ್ಕಿನ ಮಾತೇ ಇಲ್ಲ. ಇಷ್ಟು ಹೊತ್ತು ತಗಡು ತಗಡು ಎಂದವನು ಇದನ್ನೇ ಹೇಳಬೇಕಿತ್ತು. ಆದರೆ ಒಂದು ಹೆಡ್ ಗ್ಯಾಸ್ಕೆಟ್ ಬೇಕಾದರೂ ಸಮುದ್ರ ದಾಟಬೇಕು. ಅಭಿಮಾನದಿಂದ ಕೈಮುಗಿದು ಮುಂದೆ ಹೋಗಿ.

ಕಾಗದ

ಬೇಜಾರಿನ ವಿಷಯ, ಆದರೆ ದುಡ್ಡು ಮುಳುಗುವುದು ಇಲ್ಲೇ.

ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಮಾಡಿಸಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಇದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿಗೆ 10,000. ತಡವಾದರೆ ತಿಂಗಳ ಲೆಕ್ಕದಲ್ಲಿ ದಂಡ ಬೇರೆ. ಹತ್ತು ವರ್ಷ ಅಂಗಳದಲ್ಲಿ ನಿಂತ ಕಾರು ಅಗ್ಗಕ್ಕೆ ಸಿಕ್ಕರೆ ಈ ಬಾಕಿಯನ್ನೂ ಸೇರಿಸಿಯೇ ರೇಟು ಮಾತಾಡಿ.

ನಂಬರ್ ಹಾಕಿ ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಿ. ಎಫ್‌ಸಿ ಎಲ್ಲಿಯವರೆಗಿದೆ, ಯಾವುದೋ ಕಾಲದ ಸಾಲ ಇನ್ನೂ ಆರ್‌ಸಿಯಲ್ಲಿ ಕೂತಿದೆಯಾ, ನೋಂದಣಿ ರದ್ದಾಗಿದೆಯಾ ಎಂದು ತಿಳಿಯುತ್ತದೆ. ತೀರಾ ಹಳೆಯ ಗಾಡಿ ಅಲ್ಲಿ ಕಾಣದಿದ್ದರೆ ಆರ್‌ಸಿ ಬುಕ್ ಹಿಡಿದು ಆರ್‌ಟಿಒಗೆ ಹೋಗಿ ಕೇಳುವುದೇ ದಾರಿ. ಚಾಸಿ ನಂಬರನ್ನು ಕಾರಿನ ಮೇಲೆ ಕಣ್ಣಾರೆ ನೋಡಿ. ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಿರಿ, ಆರ್‌ಸಿ ಜೊತೆ ಅಕ್ಷರ ಅಕ್ಷರ ಹೋಲಿಸಿ. ಆರ್‌ಸಿಯಲ್ಲಿ ಹೆಸರಿರುವವರು ತೀರಿಕೊಂಡಿದ್ದರೆ ವಾರಸುದಾರರೆಲ್ಲರ ಸಹಿ ಬೇಕಾಗುತ್ತದೆ. ಒಬ್ಬ ಮಗ ಮಾರುತ್ತಾನೆ, ಇನ್ನೊಬ್ಬ ಮಗ ತಕರಾರು ತೆಗೆಯುತ್ತಾನೆ. ಹೊರ ರಾಜ್ಯದ ಕಾರಾದರೆ ಎನ್‌ಒಸಿ (ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ), ಆಮೇಲೆ ಇಲ್ಲಿನ ತೆರಿಗೆ. ದೆಹಲಿಯಲ್ಲಿ ಹಳೇ ಗಾಡಿಗಳ ಮೇಲೆ ಬಿಗಿ ಜಾಸ್ತಿ, ಅದಕ್ಕೇ ಅಲ್ಲಿನವು ಅಗ್ಗ. ಎನ್‌ಒಸಿ ಕೈಗೆ ಬರುವವರೆಗೆ ಅಡ್ವಾನ್ಸ್ ಕೂಡ ಕೊಡಬೇಡಿ.

ಕಾರಿಗೆ 50 ವರ್ಷ ದಾಟಿದ್ದರೆ ಇನ್ನೊಂದು ದಾರಿ ಇದೆ. 2021ರ ನಿಯಮದ ಪ್ರಕಾರ ಅದನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ ಬರುತ್ತದೆ. ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಮೇಲೆ ನವೀಕರಿಸಲು 5,000. ಆದರೆ ಚಾಸಿ, ಬಾಡಿ, ಎಂಜಿನ್ ಮೂಲದಂತೆಯೇ ಇರಬೇಕು, ದಿನಬಳಕೆಗೆ ಓಡಿಸುವಂತಿಲ್ಲ. 1974ರ ಮೊದಲ ಪದ್ಮಿನಿಗಳೂ ಈಗ ಈ ವಯಸ್ಸಿಗೆ ಬಂದಿವೆ. ಫಿಯೆಟ್‌ಗೆ ಬೇರೆ ಎಂಜಿನ್ ಕೂರಿಸುವ ಆಲೋಚನೆ ಇದ್ದವರು ಇದನ್ನು ಎರಡು ಸಲ ಓದಿ.

ಓಡುವುದೋ, ನಿಂತಿರುವುದೋ?

ಕೆಟ್ಟದಾಗಿಯಾದರೂ ಓಡುವ ಕಾರು ತಗೊಳ್ಳಿ. ನಿಂತ ಕಾರಿನಲ್ಲಿ ಬ್ರೇಕ್ ಸಿಲಿಂಡರ್‌ಗಳು ಹಿಡಿದಿರುತ್ತವೆ, ಟ್ಯಾಂಕಿನಲ್ಲಿ ತುಕ್ಕು, ವೈರಿಂಗ್ ಇಲಿಯ ಹೊಟ್ಟೆಯಲ್ಲಿ. ಇದಕ್ಕಿಂತ ಕೆಟ್ಟದ್ದು, ಬಿಚ್ಚಿ ಗೋಣಿಚೀಲದಲ್ಲಿ ತುಂಬಿಟ್ಟ ಕಾರು. "ಎಲ್ಲಾ ಸಾಮಾನು ಇದೆ ಸಾರ್, ಜೋಡಿಸಿದರೆ ಆಯ್ತು" ಅನ್ನುತ್ತಾರೆ. ಎಲ್ಲಾ ಇರುವುದಿಲ್ಲ.

ಯಾವ ಕಾರು ತಗೊಂಡರೂ ಮೊದಲ ಕೆಲಸ ಬ್ರೇಕು, ಎರಡನೆಯದು ಪೆಟ್ರೋಲ್ ಪೈಪು. ಈಗ ಬಂಕ್‌ನಲ್ಲಿ ಬರುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಹಳೆಯ ರಬ್ಬರ್ ಪೈಪು, ಕಾರ್ಬ್ಯುರೇಟರ್ ಒಳಗಿನ ವಾಷರ್ ಅದಕ್ಕೆ ಉಬ್ಬಿ ಬಿರಿಯುತ್ತವೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಎಥೆನಾಲ್ ತಡೆಯುವ ಪೈಪು ಕೇಳಿ ಹಾಕಿಸಿ. ಕಾರಿನ ಕೆಳಗೆ ಹೋಗುವಾಗ ಬರೀ ಜಾಕಿಯನ್ನು ನಂಬಬೇಡಿ, ಇಟ್ಟಿಗೆ ಜೋಡಿಸಿ ಅದರ ಮೇಲಂತೂ ನಿಲ್ಲಿಸಲೇಬೇಡಿ. ಜಾಕ್ ಸ್ಟ್ಯಾಂಡ್ ನಾಲ್ಕು ತಗೊಳ್ಳಿ.

ವೆಲ್ಡಿಂಗ್, ಪೇಂಟ್, ಬೋರಿಂಗ್ ಹೊರಗೆ ಕೊಡಿ. ಉಳಿದದ್ದೆಲ್ಲ ಮನೆಯಲ್ಲೇ ಆಗುತ್ತದೆ.

ಕೊನೆಗೆ ಅಕ್ಕನ ಮಗ ಪದ್ಮಿನಿ ಬಿಟ್ಟು ಹಿರಿಯೂರು ಕಡೆಯ 1997ರ ಒಂದು 800 ತಂದ. ಮಾರಿದವರು ಒಬ್ಬರೇ ಮಾಲೀಕರು, ಎಫ್‌ಸಿ ಇತ್ತು, ಫ್ಲೋರ್ ಗಟ್ಟಿ. ಎಂಜಿನ್ ಹೊಗೆ ಬಿಡುತ್ತಿತ್ತು, ಅದಕ್ಕೇ ಅಗ್ಗಕ್ಕೆ ಸಿಕ್ಕಿತು. ಈಗ ಬ್ರೇಕು, ಕ್ಲಚ್ಚು ಮುಗಿಸಿ ಹೆಡ್ ಇಳಿಸಿದ್ದಾನೆ. ಆ ಪದ್ಮಿನಿ ಇನ್ನೂ ಅದೇ ಅಂಗಳದಲ್ಲಿದೆ. ಹೋದ ವಾರ ಆ ದಾರಿಯಲ್ಲಿ ಹೋಗುತ್ತಿದ್ದೆ, ಸುಮ್ನೆ ಇಳಿದು ನೋಡಿಕೊಂಡು ಬಂದೆ. ಬಂಪರ್ ಎರಡೂ ಇವೆ. ಈ ಸಲ ಕಾರ್ಪೆಟ್ ಎತ್ತಿಯೇ ನೋಡಿದೆ.